ಫೋನಿನಲ್ಲಿ ಸರ್ವೆ: ಬಸುರಿ ಹೆಣ್ಮಕ್ಕಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡೋದು ಹೇಗೆ?

ಗೋವಂಡಿ ಅಕ್ಕ (2020 ಆಗಸ್ಟ್ 3)
ನಮಸ್ಕಾರ. ಮುಂಬೈಯ ಗೋವಂಡಿಯಲ್ಲಿ ಯಾದಗಿರಿ, ಕಲಬುರಗಿ ಕಡೆಯಿಂದ ಕೂಲಿಗೆ ಬಂದ ಕುಟುಂಬಗಳಿವೆ. ಅಲ್ಲಿನ ಬಸುರಿಯರ ರಕ್ತಹೀನತೆಯ ಅಧ್ಯಯನಕ್ಕೆ ಮನೆಮನೆ ತಿರುಗ್ತಿದ್ದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದವರನ್ನು ಹೆರಿಗೆವರೆಗೂ ವಿಚಾರಿಸ್ಕೊಳ್ಳೋದು ನನ್ನ ಕೆಲಸ. ಕೊರೊನಾ ಲಾಕ್‌ಡೌನ್ ಶುರುವಾದ ಮಾರ್ಚ್ 25ರಿಂದ ಆ ಗಲ್ಲಿಗೆ ಕಾಲಿಟ್ಟಿಲ್ಲ, ಎಲ್ಲ ಫೋನಲ್ಲೇ.

ಒಬ್ಬ ಹುಡುಗಿಯದು ಹೇಳ್ತೀನಿ, ನನ್ನ ಹತ್ತಿರ ಇರೋ ನಂಬರ್ ಗಂಡಂದು. ಅವನು ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರ್ತಾನೆ. "ಊಟ ಸರಿ ಆಗ್ತಿದೆಯಾ ತಂಗಿ?" ಅಂದ್ರೆ "ಆಗ್ತದ್ರೀ ಅಕ್ಕಾ" ಅಂತಾಳೆ. ಫೆಬ್ರವರಿಯಲ್ಲಿ ಇದೇ ಹುಡುಗಿ ಅಕ್ಕಿ ಡಬ್ಬಿ ಮುಚ್ಚಳ ತೆಗೆದು ನನ್ನ ಕಡೆ ವಾಲಿಸಿ ತೋರಿಸಿದ್ಲು. ತಳದಲ್ಲಿ ಒಂದು ಹಿಡಿ ಇತ್ತು. ಈಗ "ಊಟ: ಸರಿ" ಅಂತ ಬರೆಯೋಕೆ ಕೈ ಏಳ್ತಿಲ್ಲ. ಮಾಸ್ಕ್ ಹಾಕ್ಕೊಂಡು ಒಂದ್ಸಲ ಹೋಗಿ ಬರಲಾ?

ಪುಣೆಯಿಂದ
ದಯವಿಟ್ಟು ಹೋಗ್ಬೇಡಿ ಅಕ್ಕಾ. ನಿಮ್ಮ ಪಕ್ಕದ ಚೆಂಬೂರು ಸೇರಿ 3 ವಾರ್ಡುಗಳ ಸೀರೋ ಸರ್ವೆ (ರಕ್ತ ಪರೀಕ್ಷೆಯ ಸಮೀಕ್ಷೆ) ಹೋದ ವಾರ ಬಂತಲ್ಲ, ಜೋಪಡಿಗಳಲ್ಲಿ ನೂರಕ್ಕೆ 57 ಜನರ ರಕ್ತದಲ್ಲಿ ಆಂಟಿಬಾಡಿ, ಅಂದ್ರೆ ಕೊರೊನಾ ಸೋಂಕು ತಗುಲಿದ ಗುರುತು. ಹತ್ತು ಮನೆ ಹೊಕ್ಕು ಬರೋ ನೀವೇ ಬಸುರಿಯರಿಗೆ ಸೋಂಕು ಮುಟ್ಟಿಸಿದ್ರೆ?

ಮೊದಲು ಗಂಡನ ಜೊತೆನೇ ಮಾತಾಡಿ. ಕೆಲಸ ಶುರುವಾಯ್ತಾ, ರೇಷನ್ ಸಿಕ್ತಾ ಅಂತ ಕೇಳಿ. ಅವರೂ ಕಷ್ಟದಲ್ಲಿದ್ದಾರೆ, ಯಾರೂ ಕೇಳಿರಲ್ಲ. ಆಮೇಲೆ "ಹತ್ತು ನಿಮಿಷ ಫೋನ್ ಅವಳ ಕೈಗೆ ಕೊಡಿ ಅಣ್ಣಾ, ಸ್ಪೀಕರ್ ಬೇಡ" ಅಂತ ನೇರ ಕೇಳಿ. ಎಷ್ಟೋ ಜನ ಕೊಡ್ತಾರೆ. ಅವಳಿಗೆ ಒಂದು ಅಂಕಿಯಲ್ಲಿ ಉತ್ತರ ಮುಗಿಯೋ ಪ್ರಶ್ನೆ ಹಾಕಿ, ಪಕ್ಕದಲ್ಲಿದ್ದವರಿಗೆ ಏನೂ ತಿಳಿಯಲ್ಲ. ರಕ್ತದ ಗುಳಿಗೆ (ಕಬ್ಬಿಣಾಂಶದ ಮಾತ್ರೆ) ತಗೊಂಡ್ಯಾ ಅನ್ಬೇಡಿ, ಸ್ಟ್ರಿಪ್ ಕೈಯಲ್ಲಿ ಹಿಡಿದು ಗುಳಿಗೆ ತೆಗೆದ ಖಾಲಿ ಗುಂಡಿ ಎಣಿಸು ಅನ್ನಿ.

ಎಥಿಕ್ಸ್ ಕಮಿಟಿ (ಸಂಶೋಧನೆಯಲ್ಲಿ ಭಾಗವಹಿಸೋರ ಹಿತ ನೋಡೋ ಸಮಿತಿ) ಕೆಲಸದವಳು
ಒಂದು ಮಾತು. ಹೆಬ್ಬೆಟ್ಟಿನ ಬದಲು ಫೋನಲ್ಲಿ ಬಾಯಿಮಾತಿನ ಒಪ್ಪಿಗೆ ತಗೊಳ್ಳೋಕೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಏಪ್ರಿಲ್ ಮಾರ್ಗಸೂಚಿಯಲ್ಲಿ ದಾರಿ ಇದೆ. ಆದ್ರೆ ಬದಲಾವಣೆಯನ್ನ ಮೊದಲು ನಿಮ್ಮ ಕಮಿಟಿಗೆ ಬರೆದು ಕಳಿಸಿ. ಶ್ರಮಿಕ್ ರೈಲಲ್ಲಿ ಊರಿಗೆ ಹೋದವರ ಹೆಸರನ್ನ ಅಲ್ಲಿನ ಆಶಾ ಕಾರ್ಯಕರ್ತೆಗೆ ಕೊಡೋ ಮುಂಚೆ ಅವರನ್ನೇ ಕೇಳಿ.

ಗೋವಂಡಿ ಅಕ್ಕ (ಆಗಸ್ಟ್ 6)
ಕಮಿಟಿಗೆ ಬರೆದೆ. ನಿನ್ನೆ ಅವಳಿಗೆ ಸುಮ್ಮನೆ ವಿಚಾರಿಸೋಕೆ ಫೋನ್ ಮಾಡಿದ್ದೆ. ಗಂಡ ಹೊರಗೆ ಹೋದ. ಸ್ಟ್ರಿಪ್ ಎಣಿಸಿ "ನಾಕೇ ಖಾಲಿ ಆಗ್ಯಾವ" ಅಂದ್ಲು. ಯಾಕೆ ಅಂದೆ. "ಹಸಿದ ಹೊಟ್ಟಿಗಿ ನುಂಗಿದ್ರ ವಾಂತಿ ಬರ್ತದಕ್ಕಾ."

ಗೋವಂಡಿ ಕಡೆ ಅಕ್ಕಿ, ಬೇಳೆ ತಲುಪಿಸೋರು ಯಾರಾದ್ರೂ ಗೊತ್ತಿದ್ರೆ ಇವತ್ತೇ ಹೇಳಿ. ಸರ್ವೆ ನಾಳೆ ನೋಡ್ಕೊಳ್ತೀನಿ.