ಪದಚರ್ಚೆ: ‘ಬಣ್ಣ ಹಚ್ಚಿದ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮೂಕಿ ಕಾಲದ ಕೌಬಾಯ್ ಚಿತ್ರಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಗಾಡಿ ಒಂದೇ ಪದದ ಹತ್ತಿರ ನಿಂತಿದೆ: ‘ರೆಡ್‌ಫೇಸ್’. ಬಿಳಿಯ ನಟರು ಮುಖಕ್ಕೆ ಬಣ್ಣ ಬಳಿದು, ಜಡೆ ಇಳಿಬಿಟ್ಟು, ಗರಿ ಸಿಕ್ಕಿಸಿಕೊಂಡು ಅಲ್ಲಿನ ಮೂಲನಿವಾಸಿಗಳಾಗಿ ನಟಿಸುತ್ತಿದ್ದ ಪರಿಪಾಠಕ್ಕೆ ಇರುವ ಹೆಸರು. ಮೆಚ್ಚಿ ಇಟ್ಟ ಹೆಸರಲ್ಲ.

ಮೊದಲು ಹೀಗೆ ಬರೆದೆ: ‘1925ರ ದಿ ವ್ಯಾನಿಷಿಂಗ್ ಅಮೆರಿಕನ್ ಚಿತ್ರದಲ್ಲಿ ನವಾಹೊ ನಾಯಕನ ಪಾತ್ರಕ್ಕೆ ರಿಚರ್ಡ್ ಡಿಕ್ಸ್ ಬಣ್ಣ ಹಚ್ಚಿದ.’ ಮನೆಯಲ್ಲಿ ಓದಿ ಹೇಳಿದರೆ, ‘ಹೌದಾ, ಚೆನ್ನಾಗಿ ಮಾಡಿದ್ದಾನಾ?’ ಅಂದರು. ತಪ್ಪು ಅವರದಲ್ಲ. ನಮ್ಮಲ್ಲಿ ಬಣ್ಣ ಹಚ್ಚುವುದು ಅಂದರೆ ನಟಿಸುವುದು, ಅಷ್ಟೇ. ‘ಮದುವೆಯ ನಂತರ ಮತ್ತೆ ಬಣ್ಣ ಹಚ್ಚಿದ ನಟಿ’ ಅಂತ ಸಿನಿಮಾ ಪುಟದಲ್ಲಿ ಆಗಾಗ ಓದುತ್ತಲೇ ಇರುತ್ತೇವೆ.

‘ವೇಷ ಕಟ್ಟಿದ’ ಇನ್ನೂ ಕಷ್ಟ. ಯಕ್ಷಗಾನದ ಸೀಮೆಯಲ್ಲಿ ವೇಷ ಗೌರವದ ಮಾತು, ಸ್ತ್ರೀವೇಷಕ್ಕೆ ಹೆಸರಾದವರ ಪರಂಪರೆಯೇ ಇದೆ. ಆ ಪದ ಹಾಕಿದರೆ ಡಿಕ್ಸ್‌ಗೆ ಶಾಲು ಹೊದಿಸಿದಂತಾಗುತ್ತದೆ.

ಪದಕ್ಕೆ ಪದ ‘ಕೆಂಪುಮುಖ’ ಅನ್ನೋಣವೆಂದರೆ, ನಮ್ಮ ಹಿರಿಯರ ಬಾಯಲ್ಲಿ ಕೆಂಪು ಮೂತಿಯವರು ಇಂಗ್ಲಿಷರು! ಅರ್ಥ ತಲೆಕೆಳಗು. (ಅಂದಿನ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣ ಹತ್ತುತ್ತಲೇ ಇರಲಿಲ್ಲ, ಪರದೆಯ ಮೇಲೆ ಕಪ್ಪಾಗಿ ಕಾಣುತ್ತಿತ್ತು. ಇದು ಇನ್ನೊಂದು ತಮಾಷೆ.)

ಬರೀ ‘ನಟಿಸಿದ’ ಎಂದು ಬಿಡಲು ಮನಸ್ಸಿಲ್ಲ. ಮೂಲನಿವಾಸಿ ಕಲಾವಿದರು ಸಿಗದ ಕಾಲವೇನಲ್ಲ ಅದು. 1914ರ ದಿ ಸ್ಕ್ವಾ ಮ್ಯಾನ್ ಚಿತ್ರದ ನಾಯಕಿ, ರೆಡ್ ವಿಂಗ್ ಎಂದು ಹೆಸರಾದ ಲಿಲಿಯನ್ ಸೇಂಟ್ ಸಿರ್, ನೆಬ್ರಾಸ್ಕದ ಹೋ-ಚಂಕ್ ಸಮುದಾಯದಾಕೆ. 1920ರ ದಿ ಡಾಟರ್ ಆಫ್ ಡಾನ್‌ನಲ್ಲಂತೂ ಪಾತ್ರಧಾರಿಗಳೆಲ್ಲ ಕಯೊವಾ, ಕಮಾಂಚಿ ಜನರೇ. ಓಕ್ಲಹೋಮದ ಗುಡ್ಡಗಳ ನಡುವೆ ತಮ್ಮದೇ ಬಟ್ಟೆಬರೆ, ಡೇರೆ ತಂದು ನಟಿಸಿದರು. ಐದೇ ವರ್ಷಕ್ಕೆ ನೋಡಿ, ಡಿಕ್ಸ್ ಮುಂದೆ, ನವಾಹೊ ಜನ ಹಿಂದಿನ ಗುಂಪಿನಲ್ಲಿ.

ಸದ್ಯಕ್ಕೆ ನನ್ನ ಕಣ್ಣು ‘ಸೋಗು’ ಮೇಲಿದೆ. ‘ನವಾಹೊ ಸೋಗು ಹಾಕಿದ’. ಸೋಗಲಾಡಿ ಇದರ ನೆಂಟ, ಹಾಗಾಗಿ ಕೊಂಕು ಅದರಲ್ಲೇ ಇದೆ. ಆದರೆ ಸೋಗು ಹಾಕುವವನಿಗೆ ಎದುರಿನವರನ್ನು ನಂಬಿಸುವ ಇರಾದೆ ಇರುತ್ತದೆ. ಡಿಕ್ಸ್ ಯಾರನ್ನೂ ನಂಬಿಸಹೊರಟವನಲ್ಲ, ಅವನು ಬಿಳಿಯ ತಾರೆ ಅಂತ ಟಿಕೆಟ್ ಕೊಂಡವರಿಗೆಲ್ಲ ಗೊತ್ತಿತ್ತು. ಈ ಪದ ಸರಿಯಾಗಿ ಕೂರುವುದು, ಪಾಪ, ಲಿಲಿಯನ್‌ಳ ಗಂಡ ಜೇಮ್ಸ್ ಯಂಗ್ ಡೀರ್‌ಗೆ. ಪಾಥೆ ಕಂಪನಿಗೆ 1910ರಲ್ಲಿ ವೈಟ್ ಫಾನ್ಸ್ ಡಿವೋಷನ್ ನಿರ್ದೇಶಿಸಿದವನು. ತಾನೂ ಹೆಂಡತಿಯ ಸಮುದಾಯದವನೇ ಎಂದು ಹೇಳಿಕೊಳ್ಳುತ್ತಿದ್ದ, ಆದರೆ ಅವನ ಬೇರು ಡೆಲವೇರ್ ಕಡೆಯ ನ್ಯಾಂಟಿಕೋಕ್ ಜನರಲ್ಲಿತ್ತು. ಬಯ್ಯಬೇಕಾದವನನ್ನು ಬಿಟ್ಟು ಇವನಿಗೆ ಅಂಟುವ ಪದ ನನಗೆ ಬೇಡ.

ಮತ್ತೊಂದು ಅಡ್ಡಿ: ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿ ಹೊರಡುತ್ತದಲ್ಲ, ಅಲ್ಲಿ ಸೋಗು ಹಬ್ಬದ ಸಡಗರದ ಮಾತು. ಆ ಕಡೆಯವರು ದಯವಿಟ್ಟು ಹೇಳಿ, ‘ನವಾಹೊ ಸೋಗು’ ಅಂದರೆ ನಿಮಗೆ ಕೇಳಿಸುವುದು ಬೈಗುಳವೋ, ಹೋಳಿಯೋ? ‘ಮೋರೆಗೆ ಬಳಿದುಕೊಂಡ’ ಅಂತ ಇನ್ನೊಂದು ಬರೆದು ಹೊಡೆದುಹಾಕಿದ್ದೇನೆ. ಅದನ್ನೇ ಉಳಿಸಬೇಕಿತ್ತಾ?