ಮಗಳು ಬಿಎ ಸೇರುತ್ತೇನೆ ಅಂತಿದ್ದಾಳೆ, ಓದಿದವರು ಹೇಳಿ

ಮಂಡ್ಯದ ಅಪ್ಪ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಹತ್ತಿರದ ಹಳ್ಳಿ, ಕಬ್ಬು ಭತ್ತ ಬೆಳೆಯುವ ಮನೆ. ಮಗಳು ಪಿಯುಸಿ ಸೈನ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಾಳೆ. ಈಗ ಬಿಎಗೆ ಹೋಗುತ್ತೇನೆ, ಇತಿಹಾಸ ಅರ್ಥಶಾಸ್ತ್ರ ರಾಜ್ಯಶಾಸ್ತ್ರ ತಗೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳ ಸೋದರಮಾವ "ಬೇರೆ ಏನೂ ಸಿಗದವರು ಸೇರುವ ಕೋರ್ಸ್ ಅದು" ಅಂದುಬಿಟ್ಟ, ಎರಡು ದಿನದಿಂದ ಅವಳು ಸರಿಯಾಗಿ ಊಟ ಮಾಡಿಲ್ಲ. ಬೇಡ ಅನ್ನಲು ನನಗೆ ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯ ಸಾಲದು. ಬಿಎ ಓದಿದರೆ ಕೊನೆಗೆ ಏನು ಉಳಿಯುತ್ತೆ?

ರೈಲು ಪಾಸು:
ಅಣ್ಣಾ, ನಾನು ಮಂಡ್ಯದಿಂದ ದಿನಾ ರೈಲಿನಲ್ಲಿ ಹೋಗಿ ಮೈಸೂರಿನ ಮಹಾರಾಣಿ ಕಾಲೇಜಲ್ಲಿ ಬಿಎ ಮಾಡಿದವಳು. ಮಳೆಗಾಲ ಬಂದರೆ ನಮ್ಮಪ್ಪ ಪೇಪರಲ್ಲಿ ಮೊದಲು ನೋಡುತ್ತಿದ್ದದ್ದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಕಟ್ಟೆ ತುಂಬುವ 124.80 ಅಡಿ ಮುಟ್ಟಿತಾ ಇಲ್ವಾ ಅಂತ. ಆ ನಂಬರಿನ ಹಿಂದೆ ಏನಿದೆ ಅಂತ ನನಗೆ ಗೊತ್ತಾಗಿದ್ದು ಬಿಎ ಕ್ಲಾಸಲ್ಲಿ. ಇತಿಹಾಸದಲ್ಲಿ ಕಾವೇರಿ ನೀರಿನ ಬಗ್ಗೆ ಮೈಸೂರು ಮದ್ರಾಸುಗಳ 1892 ಮತ್ತು 1924ರ ಒಪ್ಪಂದ ಓದಿದೆವು, ಅರ್ಥಶಾಸ್ತ್ರದಲ್ಲಿ ಯಾವ ಬೆಳೆ ಎಷ್ಟು ನೀರು ಕುಡಿಯುತ್ತೆ ಅಂತ ಜಗಳವಾಡಿದೆವು, ರಾಜ್ಯಶಾಸ್ತ್ರದ ಮೇಡಂ ತಮಿಳುನಾಡಿನ ರೈತನ ಪರವಾಗಿ ನಿಂತು ವಾದ ಮಾಡಿ ಅಂತ ನನ್ನನ್ನೇ ಎಬ್ಬಿಸಿದರು. ಕಾಲು ನಡುಗುತ್ತಿತ್ತು, ಆದರೂ ಮಾತಾಡಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪಾಲನ್ನು 192ರಿಂದ 177.25 ಟಿಎಂಸಿಗೆ ಇಳಿಸಿದಾಗ, ಯಾಕೆ ಅಂತ ಅಪ್ಪನಿಗೆ ಬಿಡಿಸಿ ಹೇಳಿದವಳು ನಾನು. ಈಗ ಬ್ಯಾಂಕಲ್ಲಿದ್ದೇನೆ. ಅಲ್ಲಿನ ಕೆಲಸ ಸೇರಿದ ಮೇಲೆ ಕಲಿತೆ, ಎದುರಿನವರ ಮಾತು ಪೂರ್ತಿ ಕೇಳುವುದನ್ನು ಮಾತ್ರ ಕಾಲೇಜಲ್ಲೇ ಕಲಿತಿದ್ದು.

ಸರಸ್ವತಿಪುರಂ ಮೇಷ್ಟ್ರು:
ಮೂವತ್ತು ವರ್ಷ ಸಮಾಜಶಾಸ್ತ್ರ ಪಾಠ ಮಾಡಿದ್ದೇನೆ, ಅದಕ್ಕೇ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ವಿಷಯ ಹೇಳುತ್ತೇನೆ. ಅವರು ಓದಿದ್ದು ನಮ್ಮ ಮಹಾರಾಜ ಕಾಲೇಜು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಜಗುಲಿ ಮೇಲೆ ಕೂತು ಜನರ ಮಾತು ಕೇಳಿದರು. 1970ರಲ್ಲಿ ಅಮೆರಿಕದಲ್ಲಿದ್ದಾಗ ಬೆಂಕಿ ಬಿದ್ದು, ಸಿದ್ಧ ಮಾಡಿಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆ ಹಳ್ಳಿಯ ಬಗ್ಗೆ ನೆನಪಿನಿಂದಲೇ ಪುಸ್ತಕ ಬರೆದರು, ಇವತ್ತಿಗೂ ಅದನ್ನು ಓದುತ್ತಾರೆ. ನಿಮ್ಮೂರಿನ ಜಗುಲಿಯೂ ಓದುವ ವಿಷಯವೇ, ಅಲ್ವಾ?

ಕುವೆಂಪುನಗರ:
ಇವರಿಬ್ಬರೂ ಹೇಳಿದ್ದು ನಿಜ. ಆದರೆ ನಾನು ಓದಿದ ಕಾಲೇಜಲ್ಲಿ ಅರ್ಧ ವರ್ಷ ಮೇಷ್ಟ್ರೇ ಇರಲಿಲ್ಲ, ಜೆರಾಕ್ಸ್ ಅಂಗಡಿ ನೋಟ್ಸ್ ಉರು ಹೊಡೆದು ಪಾಸಾದೆವು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ. ಅದಕ್ಕೇ ಸುಮ್ನೆ ಹೆಸರು ನೋಡಿ ಸೇರಿಸಬೇಡಿ. ಲೈಬ್ರರಿಯಲ್ಲಿ ಮಕ್ಕಳು ಕೂತಿದ್ದಾರಾ ನೋಡಿ, ಪಾಠ ನಡೆಯುತ್ತಾ ಅಂತ ಓದುತ್ತಿರುವವರನ್ನೇ ಕೇಳಿ. ಮುಂದಿನ ದಾರಿಗೆ ಹೆದರಬೇಡಿ. ಮೂರು ವರ್ಷದ ಎಲ್‌ಎಲ್‌ಬಿ, ಬಿಎಡ್, ಕೆಎಎಸ್ ಪರೀಕ್ಷೆ ಎಲ್ಲದಕ್ಕೂ ಬಿಎ ನಡೆಯುತ್ತೆ.

ಮಂಡ್ಯದ ಅಪ್ಪ:
ತಂಗೀ, ನೀವು ಬರೆದಿದ್ದನ್ನು ಮಗಳಿಗೆ ಓದಿ ಹೇಳಿದೆ. ದಿನಾ ಟಿಎಂಸಿ ಟಿಎಂಸಿ ಅಂತೀವಲ್ಲ, ಒಂದು ಟಿಎಂಸಿ ಅಂದರೆ ಎಷ್ಟಮ್ಮ ಅಂತ ಕೇಳಿದೆ. ನೂರು ಕೋಟಿ ಘನ ಅಡಿ ಅಂದಳು, ಅದರಲ್ಲಿ ನಮ್ಮ ಗದ್ದೆಗೆ ಎಷ್ಟು ಬರುತ್ತೆ ಅಂತ ಪೆನ್ನು ಹಿಡಿದು ಲೆಕ್ಕಕ್ಕೆ ಕೂತಳು. ಸೋಮವಾರ ಇಬ್ಬರೂ ಬೆಳಗಿನ ರೈಲಿಗೆ ಮೈಸೂರಿಗೆ ಹೊರಡುತ್ತೇವೆ, ಲೈಬ್ರರಿ ನೋಡಲು.