ಕಾರಿನ ಹಿಂದಿನ ಸ್ಟ್ರಟ್ ಎರಡೂ ಮನೇಲೇ ಬದಲಾಯಿಸೋಣ ಅಂತಿದೀನಿ, ಸ್ಪ್ರಿಂಗ್ ಬಿಚ್ಚೋದೊಂದೇ ಭಯ

ಹಳೇಗಾಡಿ:
ಎಲ್ರಿಗೂ ನಮಸ್ಕಾರ. ಗಾಡಿ 1,10,000 ಕಿ.ಮೀ. ಓಡಿದೆ, ಹಿಂದಿನ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರ್ರೂ ಒಂದೇ ಆಗಿ ಬರೋದು) ಒಂದ್ಸಲಾನೂ ಬದಲಾಯಿಸಿಲ್ಲ. ಈಗ ಹಂಪ್ ಇಳಿದ ಮೇಲೂ ಹಿಂಭಾಗ ಇನ್ನೂ ಎರಡ್ಮೂರು ಸಲ ತೊಟ್ಟಿಲು ತೂಗಿದ ಹಂಗೆ ತೂಗತ್ತೆ, ಹಿಂದಿನ ಸೀಟಲ್ಲಿ ಕೂರೋರು ಬೈಯೋಕೆ ಶುರು ಮಾಡಿದಾರೆ. ನಿನ್ನೆ ಚಕ್ರ ಬಿಚ್ಚಿ ನೋಡಿದ್ರೆ ಬಲಗಡೆ ಸ್ಟ್ರಟ್ ಮೈಯೆಲ್ಲ ಆಯಿಲ್, ಅದರ ಮೇಲೆ ಧೂಳು ಮೆತ್ಕೊಂಡು ಕರೀ ಪೇಸ್ಟ್ ಥರ ಆಗಿದೆ. ಟೈರ್ ಮೇಲೆ ಕೈ ಸವರಿದ್ರೆ ಒಂದೇ ಸಮ ಇಲ್ಲ, ಅಲ್ಲಲ್ಲಿ ತಗ್ಗು ಸಿಗತ್ತೆ. ಎಡಗಡೆದು ಮಾತ್ರ ಒಣಗೇ ಇದೆ.

ಬ್ರೇಕ್ ಪ್ಯಾಡ್, ಆಯಿಲ್, ಫಿಲ್ಟರ್ ಎಲ್ಲಾ ನಾನೇ ಮಾಡ್ಕೋತೀನಿ. ಜಾಕಿ ಸ್ಟ್ಯಾಂಡ್, ಟಾರ್ಕ್ ರೆಂಚ್ (ನಟ್ ಎಷ್ಟು ಬಿಗಿ ಅಂತ ಅಳೆಯೋ ಪಾನಾ) ಇದೆ. ಸ್ಪ್ರಿಂಗ್ ಒತ್ತಿ ಹಿಡಿಯೋ ಕೊಕ್ಕೆ-ಸ್ಕ್ರೂ ಜೋಡಿ, ಅದೇ ಸ್ಪ್ರಿಂಗ್ ಕಂಪ್ರೆಸರ್, ಒಬ್ಬ ಫ್ರೆಂಡ್ ಹತ್ರ ಇದೆ, ಕೊಡ್ತೀನಿ ಅಂದಿದಾನೆ, ಆದ್ರೆ ಅವನೂ ಅದನ್ನ ಒಂದ್ಸಲಾನೂ ಬಳಸಿಲ್ವಂತೆ, ಅದೇ ನಂಗೆ ಒಂಥರಾ ಅನ್ನಿಸ್ತಿರೋದು. ಲೀಕ್ ಆಗಿರೋದು ಬಲಗಡೆ ಮಾತ್ರ ಅಲ್ವಾ, ಅದೊಂದನ್ನೇ ಹಾಕಿದ್ರೆ ನಡಿಯತ್ತಾ? ಆಮೇಲೆ ಅಲೈನ್‌ಮೆಂಟ್ ಮಾಡಿಸ್ಲೇಬೇಕಾ, ಹಿಂದಿನ ಚಕ್ರ ಸ್ಟೀರಿಂಗ್ ಜೊತೆ ತಿರುಗಲ್ವಲ್ಲ?

ಗ್ರೀಸ್_ಕೈ:
ಮೊದ್ಲು ಒಂದು ಖಾತ್ರಿ ಮಾಡ್ಕೊಳಿ, ನಿಮ್ಮದು ನಿಜವಾಗ್ಲೂ ಸ್ಟ್ರಟ್ಟೇನಾ ಅಂತ. ಸುಮಾರು ಸಣ್ಣ ಕಾರುಗಳಲ್ಲಿ ಹಿಂದೆ ಬೀಮ್ ಆಕ್ಸಲ್ (ಎರಡೂ ಚಕ್ರ ಸೇರಿಸೋ ಅಡ್ಡ ತೊಲೆ) ಇರತ್ತೆ, ಸ್ಪ್ರಿಂಗ್ ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ. ಹಂಗಿದ್ರೆ ಸಾಮಾನ್ಯವಾಗಿ ಕಂಪ್ರೆಸರ್ರೇ ಬೇಡ, ಬೀಮ್ ಕೆಳಗೆ ಜಾಕಿ ಕೊಟ್ಟು ಒಂದೊಂದೇ ಕಡೆ ಶಾಕ್ ಬಿಚ್ಚಿ ಹಾಕಿದ್ರೆ ಮುಗೀತು. (ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ, ಬೀಮ್ ಜೋತುಬಿದ್ದು ಸ್ಪ್ರಿಂಗ್ ಜಾಗ ಬಿಟ್ಟು ಬಂದ್ಬಿಡತ್ತೆ, ಬ್ರೇಕ್ ಹೋಸ್ ಜಗ್ಗತ್ತೆ.) ಶಾಕ್ ಮೇಲೇ ಸ್ಪ್ರಿಂಗ್ ಸುತ್ಕೊಂಡು ಕೆಳಗೆ ಚಕ್ರ ಹೊತ್ತಿರೋ ಲೋಹದ ತುಂಡು, ಅಂದ್ರೆ ನಕಲ್‌ಗೆ ಎರಡು ದಪ್ಪ ಬೋಲ್ಟಲ್ಲಿ ಕೂತಿದ್ರೆ ಅದು ಸ್ಟ್ರಟ್.

ಒಂದೇ ಕಡೆ ಹಾಕೋದು ಬೇಡ. ಒಣಗಿದೆ ಅಂದ ಮಾತ್ರಕ್ಕೆ ಎಡಗಡೆದು ಚೆನ್ನಾಗಿದೆ ಅಂತಲ್ಲ, ಅದೂ ಅಷ್ಟೇ ಓಡಿದೆ, ಒಳಗಿನ ವಾಲ್ವ್ ಸವೆದಿದ್ರೆ ಹೊರಗೆ ಕಾಣಲ್ಲ. ಒಂದು ಹೊಸದು ಒಂದು ಹಳೇದು ಆದ್ರೆ ಗಾಡಿ ಒಂದು ಕಡೆ ಒಂಥರಾ ಕೂರತ್ತೆ ಇನ್ನೊಂದು ಕಡೆ ಇನ್ನೊಂಥರಾ, ಜೋರಾಗಿ ಬ್ರೇಕ್ ಹೊಡೆದಾಗ ಗೊತ್ತಾಗತ್ತೆ.

ಕೆಲಸದ ವಿಷ್ಯಕ್ಕೆ ಬಂದ್ರೆ, ಹಿಂದಿನ ರಾತ್ರಿನೇ ಎಲ್ಲಾ ನಟ್ಟಿಗೂ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಮುಂದಿನ ಎರಡೂ ಚಕ್ರಕ್ಕೆ ಅಡ್ಡ ಕಲ್ಲು ಕೊಡೋದು ಮರೀಬೇಡಿ, ಯಾಕಂದ್ರೆ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಾನ, ಅದನ್ನೇ ನೀವು ಗಾಳೀಲಿ ಎತ್ತಿರ್ತೀರಿ, ಅಂದ್ರೆ ಗಾಡಿಗೆ ಬ್ರೇಕೇ ಇಲ್ಲದ ಲೆಕ್ಕ. ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕಿ ನಂಬಬೇಡಿ. ಸ್ಟ್ರಟ್ ಮೈಗೆ ಬ್ರೇಕ್ ಹೋಸ್ ಕ್ಲಿಪ್, ಎಬಿಎಸ್ ವೈರ್, ಲಿಂಕ್ ರಾಡ್ (ಸ್ಟ್ರಟ್ಟನ್ನ ಸ್ಟೆಬಿಲೈಸರ್ ಬಾರಿಗೆ ಸೇರಿಸೋ ಸಣ್ಣ ಕಡ್ಡಿ) ಇರತ್ತೆ, ಅವನ್ನ ಬಿಡಿಸಿ. ನಕಲ್ ಬೋಲ್ಟ್ ಬಿಚ್ಚೋ ಮುಂಚೆ ಸ್ಟ್ರಟ್ಟೂ ನಕಲ್ಲೂ ಸೇರೋ ಜಾಗದಲ್ಲಿ ಪೇಂಟಲ್ಲಿ ಒಂದು ಗೆರೆ ಎಳೀರಿ. ಕೆಲವು ಗಾಡೀಲಿ ಆ ಬೋಲ್ಟ್ ತಲೆ ಕೆಳಗೆ ಹಲ್ಲು ಹಲ್ಲು ಇರತ್ತೆ, ಬೋಲ್ಟ್ ತಿರುಗಿಸಿದ್ರೆ ತೂತು ಹಾಳಾಗತ್ತೆ, ಅದಕ್ಕೇ ನಟ್ ಮಾತ್ರ ತಿರುಗಿಸಿ. ಬೋಲ್ಟನ್ನ ಆಮೇಲೆ ಹಿಂದಿನಿಂದ ಹೊಡೆದು ತೆಗೆಯೋದು, ಹೊಡೆಯೋವಾಗ ಥ್ರೆಡ್ ಹೋಗ್ದಂಗೆ ನಟ್ ತುದೀಲಿ ಎರಡು ಸುತ್ತು ಹಾಗೇ ಬಿಟ್ಟಿರಿ. ಬೋಲ್ಟ್ ಬಂದ ತಕ್ಷಣ ನಕಲ್ ಹೊರಗೆ ವಾಲತ್ತೆ, ಮೊದ್ಲೇ ತಂತೀಲಿ ಕಟ್ಟಿರಿ, ಹೋಸ್ ಮೇಲೆ ಭಾರ ಬೀಳಬಾರದು.

ಡಿಕ್ಕಿ ಒಳಗೆ ಟ್ರಿಮ್ ತೆಗೆದ್ರೆ ಮೇಲಿನ ಮೌಂಟ್‌ದು ಎರಡೋ ಮೂರೋ ಸಣ್ಣ ನಟ್ ಸಿಗತ್ತೆ, ಬಿಚ್ಚಬೇಕಾಗಿರೋದು ಅವನ್ನ. ಮಧ್ಯದಲ್ಲಿ ಒಂದು ದೊಡ್ಡ ನಟ್ ಇದೆಯಲ್ಲ, ಸ್ಪ್ರಿಂಗ್ ಒತ್ತಿ ಹಿಡಿಯೋವರೆಗೂ ಅದನ್ನ ಮುಟ್ಟಲೇಬೇಡಿ. ಇಡೀ ಸ್ಪ್ರಿಂಗನ್ನ ಹಿಡಿದಿಟ್ಟಿರೋದು ಅದೊಂದೇ.

ಪಾನಾ_ಪುರಾಣ:
ಮೇಲಿನೋರು ಹೇಳಿದ ಮಧ್ಯದ ನಟ್ ಬಗ್ಗೆ ನಾನೂ ಒಂದು ಮಾತು. ನಾನು ಮೊದಲನೇ ಸಲ ಮಾಡಿದಾಗ ಕಂಪ್ರೆಸರ್ ಕೈಯಲ್ಲಿ ತಿರುಗಿಸೋಕೆ ಬೇಜಾರಾಗಿ ಇಂಪ್ಯಾಕ್ಟ್ ಗನ್ (ನಟ್ ಸರ್ರನೆ ತಿರುಗಿಸೋ ಮಷೀನು) ಹಿಡಿದೆ. ಒಂದು ಕಡೆ ಸರ್ರನೆ ಬಿಗಿಯಾಯ್ತು, ಇನ್ನೊಂದು ಕಡೆ ಹಿಂದೆ ಬಿತ್ತು, ಸ್ಪ್ರಿಂಗ್ ಬಾಳೆಹಣ್ಣಿನ ಥರ ಬಗ್ಗೋಕೆ ಶುರುವಾಯ್ತು. ನೋಡ್ತಾ ನೋಡ್ತಾ ಒಂದು ಕೊಕ್ಕೆ ಪೇಂಟ್ ಮೇಲೆ ಜಾರಿ ಅರ್ಧ ಸುತ್ತು ಆಚೆ ಹೋಗಿ ಟಣ್ ಅಂತ ನಿಂತ್ಕೊಂಡ್ತು. ಅಷ್ಟೇ ಆಗಿದ್ದು, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಅದನ್ನ ಮತ್ತೆ ಸಡಿಲ ಮಾಡೋಕೆ ಹತ್ರ ಹೋಗ್ಬೇಕಲ್ಲ ಗುರು, ಆ ಹತ್ತು ನಿಮಿಷ ನಾನು ಬದುಕಿರೋವರೆಗೂ ಮರೆಯಲ್ಲ. ಒಂದು ಮೂಲೆಯ ಭಾರ ಅಂದ್ರೇನೇ 200-300 ಕೆಜಿ, ಅಷ್ಟನ್ನ ಹೊರೋ ಸ್ಪ್ರಿಂಗ್ ಅದು, ಕೈಗೋ ಮುಖಕ್ಕೋ ಬಿದ್ರೆ ಕಥೆ ಮುಗೀತು.

ಅದಕ್ಕೇ ಮಾಡೋದಾದ್ರೆ ಹೀಗೆ ಮಾಡಿ. ಎರಡೂ ಕೊಕ್ಕೆ ಎದುರುಬದುರು ಸರಿಯಾಗಿ ಇರ್ಬೇಕು, ಆದಷ್ಟು ಜಾಸ್ತಿ ಸುತ್ತು ಹಿಡೀಬೇಕು. ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಕೈ ಪಾನಾದಲ್ಲೇ ಈ ಕಡೆ ಎರಡು ಸುತ್ತು ಆ ಕಡೆ ಎರಡು ಸುತ್ತು ಅಂತ ಬನ್ನಿ. ಸ್ಪ್ರಿಂಗ್ ಸೀಟು ಬಿಟ್ಟು ಲೊಡ ಲೊಡ ಅಂದ ತಕ್ಷಣ ಸಾಕು, ಅದಕ್ಕಿಂತ ಒತ್ತಿದ್ರೆ ಸುಮ್ನೆ ಅಪಾಯ ಜಾಸ್ತಿ ಅಷ್ಟೇ. ನಟ್ ಬಿಚ್ಚೋವಾಗ ಸ್ಟ್ರಟ್ ಎರಡು ತುದಿಗೂ ನಿಮ್ಮ ಮುಖ ಇರಬಾರದು. ಒಳಗಿನ ರಾಡ್ ಹಿಡಿಯೋಕೆ ಕಟಿಂಗ್ ಪ್ಲೇಯರ್ ಹಾಕಿದ್ರೆ ಹೊಳಪಿನ ಮೈ ಗೀಚಿ ಹೊಸ ಸೀಲ್ ಬೇಗ ಹೋಗತ್ತೆ, ತುದೀಲಿರೋ ಅಲೆನ್ ಕೀ ತೂತಲ್ಲೇ ಹಿಡೀರಿ.

ಶನಿವಾರದ_ಮೇಸ್ತ್ರಿ:
ಇಷ್ಟೊಂದು ಭಯ ಪಟ್ಕೊಂಡು ಯಾಕ್ ಮಾಡ್ಬೇಕು. ಸ್ಟ್ರಟ್ ಎರಡೂ ನೀವೇ ಗಾಡಿಯಿಂದ ಬಿಚ್ಕೊಳಿ, ಗಾಡಿ ಸ್ಟ್ಯಾಂಡ್ ಮೇಲೇ ಇರಲಿ, ಸ್ಟ್ರಟ್ ಮಾತ್ರ ತಗೊಂಡು ಹೋಗಿ ಯಾವುದಾದ್ರೂ ಗ್ಯಾರೇಜಲ್ಲಿ ಗೋಡೆಗೆ ಫಿಕ್ಸ್ ಮಾಡಿರೋ ಕಂಪ್ರೆಸರ್ ಇರತ್ತಲ್ಲ ಅದ್ರಲ್ಲಿ ಸ್ಪ್ರಿಂಗ್ ಹಾಕಿಸ್ಕೊಂಡು ಬನ್ನಿ, ಬಂದು ನೀವೇ ಕೂರಿಸಿ. ಮುಕ್ಕಾಲು ಕೆಲಸ ನಿಮ್ದೇ ಆಯ್ತು, ಬೆರಳೂ ಹತ್ತು ಉಳೀತು. ಇಲ್ಲಾಂದ್ರೆ ಸ್ಪ್ರಿಂಗ್, ಮೌಂಟ್ ಎಲ್ಲಾ ಸೇರಿಸೇ ಬರೋ ಪೂರ್ತಿ ಸೆಟ್ ನಿಮ್ಮ ಗಾಡಿಗೆ ಸಿಗತ್ತಾ ನೋಡಿ, ಕಂಪ್ರೆಸರ್ ಮಾತೇ ಇಲ್ಲ. ಹೇಗೇ ಮಾಡಿದ್ರೂ ಬಂಪ್ ಸ್ಟಾಪ್ ರಬ್ಬರು (ಸ್ಟ್ರಟ್ ಪೂರ್ತಿ ಕೂತಾಗ ಬಡಿಯದಂಗೆ ತಡೆಯೋದು), ಧೂಳಿನ ಕವರ್ ಹೊಸದೇ ಹಾಕಿ, ಹಳೇದು ಮುಟ್ಟಿದ್ರೆ ಪುಡಿ ಉದುರತ್ತೆ.

ಹಳೇಗಾಡಿ:
ಎಲ್ರಿಗೂ ಥ್ಯಾಂಕ್ಸ್. ಸ್ಟ್ರಟ್ಟೇ, ನೋಡ್ದೆ. ಫ್ರೆಂಡ್ ಕಂಪ್ರೆಸರ್ ಕೂಡ ನೋಡ್ದೆ, ಕೊಕ್ಕೆಗೆ ಇರ್ಬೇಕಾದ ಸೇಫ್ಟಿ ಪಿನ್ ಒಂದರಲ್ಲಿ ಇಲ್ವೇ ಇಲ್ಲ, ಥ್ರೆಡ್ ಬೇರೆ ತುಕ್ಕು ಹಿಡಿದಿದೆ. ವಾಪಸ್ ಕೊಟ್ಟೆ. ಶನಿವಾರದ ಮೇಸ್ತ್ರಿ ಹೇಳಿದ ದಾರೀನೇ ಹಿಡೀತೀನಿ.

ಈಗ ಬಲಗಡೆ ಬಿಚ್ತಾ ಕೂತಿದೀನಿ, ನಕಲ್ ನಟ್ ಎರಡೂ ಉದ್ದ ಹಿಡಿಯ ಬ್ರೇಕರ್ ಬಾರ್‌ಗೆ ಬಗ್ಗಿದ್ವು, ಆದ್ರೆ ಲಿಂಕ್ ರಾಡ್ ನಟ್ ತಿರುಗಿಸಿದ್ರೆ ಹಿಂದಿನ ಬಾಲ್ ಜಾಯಿಂಟೂ ಜೊತೇಲೇ ಗಿರಗಿರ ಅಂತ ತಿರುಗ್ತಿದೆ. ಏನ್ ಮಾಡ್ಲಿ?

ಗ್ರೀಸ್_ಕೈ:
ಆ ಬೋಲ್ಟ್ ತುದೀಲಿ ಅಲೆನ್ ಕೀ ತೂತು ಇರತ್ತೆ, ಮಣ್ಣು ತುಂಬ್ಕೊಂಡಿರತ್ತೆ, ಸೂಜೀಲಿ ಕೆರೆದು ಕ್ಲೀನ್ ಮಾಡಿ ಕೀ ಪೂರ್ತಿ ಒಳಗೆ ಕೂರಿಸಿ, ಅದನ್ನ ಹಿಡ್ಕೊಂಡು ರಿಂಗ್ ಪಾನಾದಲ್ಲಿ ನಟ್ ತಿರುಗಿಸಿ. ತೂತು ಸವೆದು ಹೋಗಿದ್ರೆ ಒದ್ದಾಡ್ಬೇಡಿ, ನಟ್ ಕತ್ತರಿಸಿ ಬಿಸಾಕಿ ಹೊಸ ಲಿಂಕ್ ಹಾಕಿ. ಇನ್ನೊಂದು, ಗಾಡಿಯ ಎರಡೂ ಹಿಂದಿನ ಚಕ್ರ ಒಟ್ಟಿಗೆ ನೇತಾಡ್ತಿದ್ರೆ ಮಾತ್ರ ಲಿಂಕ್ ಸುಲಭವಾಗಿ ಹೊರಗೆ ಬರತ್ತೆ, ಒಂದೇ ಕಡೆ ಎತ್ತಿದ್ರೆ ಸ್ಟೆಬಿಲೈಸರ್ ಬಾರ್ (ತಿರುವಲ್ಲಿ ಗಾಡಿ ವಾಲದಂಗೆ ತಡೆಯೋ ಅಡ್ಡ ಕಂಬಿ) ತಿರುಚ್ಕೊಂಡು ಅದನ್ನ ಎಳೆದು ಹಿಡಿದಿರತ್ತೆ.

ಹಳೇಗಾಡಿ:
ಬಂತು! ತೂತಲ್ಲಿ ಮಣ್ಣೇ ಇತ್ತು.

ಗೆರೆ_ಸೀದಾ:
ಅಲೈನ್‌ಮೆಂಟ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದೀನಿ. ಶಾಕ್ ಅಬ್ಸಾರ್ಬರ್ ಬೇರೆ, ಸ್ಟ್ರಟ್ ಬೇರೆ. ಶಾಕ್ ಅಬ್ಸಾರ್ಬರ್ ಕುಲುಕಾಟ ತಡೆಯತ್ತೆ ಅಷ್ಟೇ, ಸ್ಟ್ರಟ್ ಹಂಗಲ್ಲ, ಚಕ್ರ ಎಷ್ಟು ನೆಟ್ಟಗೆ ನಿಂತಿದೆ ಅಂತ ತೀರ್ಮಾನ ಮಾಡೋದೂ ಅದೇ. ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಇಂಜಿನಿಯರ್ 1940ರ ದಶಕದಲ್ಲಿ ಇದನ್ನ ರೂಪಿಸಿದ್ದೇ ಚಕ್ರ ಹಿಡಿಯೋ ಮೇಲಿನ ಆರ್ಮ್ ಒಂದನ್ನ ಪೂರ್ತಿ ಕೈಬಿಡೋಕೆ, ಆ ಆರ್ಮ್ ಮಾಡ್ತಿದ್ದ ಕೆಲಸ ಸ್ಟ್ರಟ್ ತಲೆ ಮೇಲೆ ಬಂತು. ಹಿಂದಿನ ಚಕ್ರಕ್ಕೆ ಹಾಕಿದ್ರೆ ಚಾಪ್‌ಮನ್ ಸ್ಟ್ರಟ್ ಅನ್ನೋರೂ ಇದಾರೆ, ಲೋಟಸ್ ಕಾರ್ ಕಂಪನಿಯ ಕಾಲಿನ್ ಚಾಪ್‌ಮನ್ 1950ರ ದಶಕದಲ್ಲಿ ಹಂಗೆ ಬಳಸಿದ್ದಕ್ಕೆ. ಹೋಗ್ಲಿ ಅದು. ನಕಲ್ ಬೋಲ್ಟಿನ ತೂತಲ್ಲಿ ಕೂದಲೆಳೆಯಷ್ಟು ಆಟ ಇದ್ರೂ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲಿರೋದು) ಬದಲಾಗತ್ತೆ, ಅದ್ರ ಜೊತೆ ಟೋ (ಮೇಲಿಂದ ನೋಡಿದ್ರೆ ಚಕ್ರ ಓರೆ ಮುಖ ಮಾಡಿರೋದು) ಕೂಡ ಸರಿಯತ್ತೆ. ಹಿಂದಿನ ಟೋ ತಪ್ಪಿದ್ರೆ ಸ್ಟೀರಿಂಗ್ ಒಂದು ಕಡೆ ಓರೆ ಹಿಡ್ಕೊಂಡೇ ಸೀದಾ ಹೋಗ್ಬೇಕಾಗತ್ತೆ, ಟೈರ್ ಒಳಗಿನ ಅಂಚು ನಿಮಗೆ ಕಾಣದೇ ಸವೆದು ಹೋಗಿರತ್ತೆ. ಪೇಂಟ್ ಗೆರೆ ಇರೋದು ಅಲೈನ್‌ಮೆಂಟ್ ಮಾಡಿಸೋ ಜಾಗದವರೆಗೂ ಗಾಡಿ ಓಡಿಸ್ಕೊಂಡು ಹೋಗೋಕೆ ಅಷ್ಟೇ. ನಾಲ್ಕೂ ಚಕ್ರದ್ದು ಮಾಡಿಸಿ.

ಆಮೇಲೆ ಕೆಳಗಿನ ಆರ್ಮ್ ಬೋಲ್ಟ್ ಏನಾದ್ರೂ ಸಡಿಲ ಮಾಡಿದ್ರೆ ಗಾಡಿ ಗಾಳೀಲಿದ್ದಾಗ ಕೊನೇ ಬಿಗಿ ಕೊಡಬೇಡಿ. ಚಕ್ರದ ಮೇಲೆ ಭಾರ ಬಂದ್ಮೇಲೆ ಬಿಗೀಬೇಕು, ಇಲ್ಲಾಂದ್ರೆ ಬುಷ್ ರಬ್ಬರು ಯಾವಾಗ್ಲೂ ತಿರುಚ್ಕೊಂಡೇ ಇದ್ದು ಬೇಗ ಹರಿಯತ್ತೆ.

ಹಳೇಗಾಡಿ:
ಅಪ್‌ಡೇಟ್. ನಿನ್ನೆ ಎರಡೂ ಕೂರಿಸಿದೆ. ಗ್ಯಾರೇಜಲ್ಲಿ ಸ್ಪ್ರಿಂಗ್ ಹಾಕಿಕೊಟ್ರು, ಸ್ಪ್ರಿಂಗ್ ತುದಿ ಕೆಳಗಿನ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯಾ ಅಂತ ನಾನೇ ನಿಂತು ನೋಡ್ಕೊಂಡೆ. ಮನೇಲಿ ನಕಲ್ ಬೋಲ್ಟ್ ಹೊಸ ನಟ್ ಹಾಕಿ ಪುಸ್ತಕದಲ್ಲಿರೋ ಟಾರ್ಕಿಗೇ ಬಿಗಿದೆ. ಗಾಡಿ ಕುಣಿಯೋದು ಸಂಪೂರ್ಣ ನಿಂತಿದೆ, ಹಂಪ್ ಇಳಿದ್ರೆ ಒಂದೇ ಸಲ ಕೂತು ಸುಮ್ನಾಗತ್ತೆ.

ಆದ್ರೆ ಎಡಗಡೆಯಿಂದ ಸಣ್ಣ ಗುಂಡಿಗೆ ಟಕ್ ಅನ್ನೋ ಸದ್ದು. ದೊಡ್ಡ ಹಂಪಲ್ಲಿ ಇಲ್ಲ, ಸಣ್ಣ ಸಣ್ಣ ಉಬ್ಬುತಗ್ಗಲ್ಲೇ ಜಾಸ್ತಿ. ಲಿಂಕ್ ರಾಡ್ ಬಿಗಿಯಾಗೇ ಇದೆ, ಅಲುಗಾಡಿಸಿ ನೋಡ್ದೆ.

ಪಾನಾ_ಪುರಾಣ:
ಎಡಗಡೆ ಟ್ರಿಮ್ ತೆಗೀರಿ. ಒಬ್ರು ಹೊರಗಿಂದ ಗಾಡಿ ಹಿಂಭಾಗ ಒತ್ತಿ ಒತ್ತಿ ಬಿಡ್ಲಿ, ನೀವು ಮೇಲಿನ ಮೌಂಟ್ ಮೇಲೆ ಬೆರಳು ಇಟ್ಕೊಂಡಿರಿ. ಬೆರಳಿಗೆ ಟಕ್ ಅಂತ ಬಡಿದ್ರೆ ಮಧ್ಯದ ನಟ್ ಪೂರ್ತಿ ಕೂತಿಲ್ಲ ಅಂತ ಅರ್ಥ. ಇಂಪ್ಯಾಕ್ಟ್ ಗನ್ನಲ್ಲಿ ಹಾಕಿದ್ರಾ ಅವ್ರು? ಗನ್ ಹಾಕಿದಾಗ ರಾಡೂ ನಟ್ ಜೊತೆ ತಿರುಗಿ ಬಿಗಿಯಾಯ್ತು ಅನ್ನಿಸಿಬಿಡತ್ತೆ, ಆಗಿರಲ್ಲ.

ಹಳೇಗಾಡಿ:
ಅದೇ! ಗನ್ನಲ್ಲೇ ಹಾಕಿದ್ರು, ಬರ್ರ್ ಅಂತ ಎರಡು ಸೆಕೆಂಡು, ನಾನೂ ಪಕ್ಕದಲ್ಲೇ ನಿಂತಿದ್ದೆ, ಸ್ಪ್ರಿಂಗ್ ಸೀಟು ನೋಡೋ ಭರದಲ್ಲಿ ಅದರ ಕಡೆ ಗಮನಾನೇ ಕೊಡ್ಲಿಲ್ಲ. ಬೆರಳಿಟ್ರೆ ಸ್ಪಷ್ಟವಾಗಿ ಬಡೀತಿತ್ತು. ಚಕ್ರ ನೆಲದ ಮೇಲೇ ಇತ್ತು, ಬಿಗಿ ಮಾಡೋದಷ್ಟೇ ತಾನೇ ಅಂತ ಮೇಲಿಂದಾನೇ ಅಲೆನ್ ಕೀ ಹಿಡ್ಕೊಂಡು ರಿಂಗ್ ಪಾನಾ ಹಾಕಿದೆ, ಒಂದೂವರೆ ಸುತ್ತು ಸಲೀಸಾಗಿ ತಿರುಗ್ತು ಆಮೇಲೆ ಕಲ್ಲಿನ ಥರ ನಿಂತ್ತು. ಬಲಗಡೆದೂ ನೋಡ್ದೆ, ಅದು ಕಾಲು ಸುತ್ತೂ ಹೋಗ್ಲಿಲ್ಲ, ಸರಿಯಾಗೇ ಇತ್ತು.

ಸದ್ದು ಹೋಯ್ತು. 80 ಕಿ.ಮೀ. ಓಡಿಸಿ ಚಕ್ರದ ನಟ್ಟೂ ಇನ್ನೊಂದ್ಸಲ ಟಾರ್ಕ್ ಚೆಕ್ ಮಾಡ್ದೆ. ಸ್ಟೀರಿಂಗ್ ಮಾತ್ರ ಗೆರೆ ಸೀದಾ ಅವ್ರು ಹೇಳಿದ ಹಂಗೇ ಚೂರು ಎಡಕ್ಕೆ ಓರೆ ಇದೆ, ನಾಳೆ ಬೆಳಿಗ್ಗೆ ಅಲೈನ್‌ಮೆಂಟಿಗೆ ಬಿಡ್ತೀನಿ.